ಮಾರಿ ಬರುತ್ತಾಳೆ, ಉಂಡು ಹೋಗುತ್ತಾಳೆ

ಶಿವಮೊಗ್ಗದ ಮಾರಿ ಜಾತ್ರೆ ಅಂದ ಕೂಡಲೇ ನೆನಪಾಗುವುದು ತೊಟ್ಟಿಲು, ಮಂಡಕ್ಕಿ-ಖಾರ, ಗಾಂಧಿ ಬಜಾರಿನ ನೂಕುನುಗ್ಗಲು. ಭದ್ರಾವತಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದ ನನಗಂತೂ ಚಿಕ್ಕವನಿದ್ದಾಗ ಜಾತ್ರೆ ಅಂದ್ರೆ ಅಷ್ಟೇ. ಅಲ್ಲಿ ಯಾರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅಂತ ತಲೆ ಕೆಡಿಸಿಕೊಂಡಿದ್ದು ಬೆಂಗಳೂರಿಗೆ ಬಂದು ಕೋಡು ಕುಟ್ಟಲು ಶುರು ಮಾಡಿದ ಮೇಲೆ :-)

ಜಾತ್ರೆ ಎರಡು ವರ್ಷಕ್ಕೊಮ್ಮೆ, ಐದು ದಿನ. ಮಂಗಳವಾರ ಗಾಂಧಿ ಬಜಾರಿನಲ್ಲಿ ದೇವಿ ಕೂರುತ್ತಾಳೆ. ಅದು ಅವಳ ತವರುಮನೆ. ಮೊದಲ ಪೂಜೆ ನಾಡಿಗರ ಮನೆತನದ್ದು. ಹೆಂಗಸರು ಸಾಲುಗಟ್ಟಿ ಉಡಿ ತುಂಬುತ್ತಾರೆ. ರಾತ್ರಿ ಮೆರವಣಿಗೆಯಲ್ಲಿ ಕೋಟೆ ಮಾರಿಕಾಂಬೆ ಗುಡಿಯ ಗದ್ದುಗೆಗೆ ಬಂದಮೇಲೆ ಗಂಗಾಮತಸ್ಥರು, ಉಪ್ಪಾರರು, ಮಡಿವಾಳರು, ಕುರುಬರು, ವಾಲ್ಮೀಕಿಗಳು, ದಲಿತರು... ಒಬ್ಬೊಬ್ಬರದ್ದೂ ಒಂದೊಂದು ಪೂಜೆ. ಶನಿವಾರ ರಾತ್ರಿ ದೇವಿಯನ್ನು ಕಾಡಿಗೆ ಕಳಿಸುತ್ತಾರೆ.

ಮನೆಮಗಳ ಹಾಗೆ ಕರೆದು, ಉಡಿ ತುಂಬಿ, ಕೊನೆಗೆ ಕಾಡಿಗೆ ಯಾಕೆ ಕಳಿಸಬೇಕು? ಉತ್ತರ ಹೆಸರಿನಲ್ಲೇ ಇದೆ. ಮಾರಿ ಅಂದರೆ ಸಾಂಕ್ರಾಮಿಕ ರೋಗ. ಸಿಡುಬು, ಕಾಲರಾ, ಪ್ಲೇಗು ಎಲ್ಲವೂ ಅವಳೇ. ಈಗಲೂ ಚಿಕನ್‌ಪಾಕ್ಸ್ ಆದರೆ ನಮ್ಮ ಕಡೆ 'ಅಮ್ಮ ಆಗಿದೆ' ಅನ್ನುತ್ತಾರೆ. ಬಂದವಳನ್ನು ಬೈದು ಅಟ್ಟುವ ಹಾಗಿಲ್ಲ. ಉಪಚಾರ ಮಾಡಿ, ತೃಪ್ತಿಪಡಿಸಿ, ಊರ ಗಡಿ ದಾಟಿಸಬೇಕು. ಇದು ನಮ್ಮೂರಿನವರ ತಲೆಗೆ ಮಾತ್ರ ಹೊಳೆದ ಉಪಾಯವಲ್ಲ. ತೈವಾನಿನ ಡೊಂಗ್‌ಗಾಂಗ್ ಎಂಬ ಮೀನುಗಾರರ ಊರಿನಲ್ಲಿ ತಾವೋ ಪಂಥದವರು ಮೂರು ವರ್ಷಕ್ಕೊಮ್ಮೆ 'ವಾಂಗ್ ಯೆ' ದೇವರುಗಳನ್ನು ಅತಿಥಿಗಳಾಗಿ ಕರೆದು, ಸುಮಾರು ಒಂದು ವಾರ ಸತ್ಕರಿಸಿ, ಕೊನೆಗೆ ಒಂದು ದೊಡ್ಡ ಮರದ ಹಡಗನ್ನು ಸಮುದ್ರ ದಂಡೆಯಲ್ಲಿ ಸುಟ್ಟು ರೋಗರುಜಿನದ ಸಮೇತ ಬೀಳ್ಕೊಡುತ್ತಾರೆ. ನಮ್ಮ ಸಿರಸಿ ಜಾತ್ರೆಯಲ್ಲೂ ದೇವಿ ಹೊರಡುವಾಗ ಮಾತಂಗಿ ಚಪ್ಪರಕ್ಕೆ ಬೆಂಕಿ ಇಡುತ್ತಾರಲ್ಲ, ಹಾಗೇ.

ರೋಗಕ್ಕೆ ಜಾತಿ ಗೊತ್ತಿಲ್ಲ. ಒಂದು ಕೇರಿ ಬಿಟ್ಟು ಹೋದರೂ ಮಾರಿ ಅಲ್ಲೇ ಉಳಿದುಬಿಡುತ್ತಾಳೆ. ಅದಕ್ಕೇ ಇಡೀ ಊರು ಸೇರಬೇಕಿತ್ತು ಅಂತ ನನ್ನ ಊಹೆ. ಹಾಗಂತ ಇದನ್ನು ಸಮಾನತೆಯ ಹಬ್ಬ ಅಂತ ಹೊಗಳಲು ನನಗೆ ಮನಸ್ಸಿಲ್ಲ. ಕರ್ನಾಟಕದ ಬಹಳ ಕಡೆ ಹೇಳುವ ಮಾರಿಯ ಕಥೆ ನಿಮಗೆ ಗೊತ್ತಿರಬಹುದು. ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ದಲಿತ ಹುಡುಗ, ಗುಟ್ಟು ರಟ್ಟಾದಾಗ ಅವಳ ಸಿಟ್ಟು, ಕೊನೆಗೆ ಅವನೇ ಬಲಿಯ ಕೋಣ. ಎಲ್ಲರಿಗೂ ಒಂದು ಜಾಗ ಕೊಟ್ಟ ಆಚರಣೆಯೇ ಯಾರು ಎಲ್ಲಿ ನಿಲ್ಲಬೇಕು ಅಂತಲೂ ಹೇಳಿಬಿಟ್ಟಿತ್ತು.

ಆದರೆ ಆಚರಣೆ ಕಲ್ಲಲ್ಲಿ ಕೆತ್ತಿದ್ದಲ್ಲ. ಗಾಂಧೀಜಿ 1934ರಲ್ಲಿ ಸಿರಸಿಗೆ ಬಂದ ಕಾಲಕ್ಕೇ ಅಲ್ಲಿ ಕೋಣನ ಬಲಿ ನಿಂತಿತು. 1959ರಲ್ಲಿ ಪ್ರಾಣಿಬಲಿ ತಡೆ ಕಾನೂನೇ ಬಂತು. ದೇವಿಯೇನೂ ಮುನಿಸಿಕೊಳ್ಳಲಿಲ್ಲ. 1975ರ ನಂತರ ಭಾರತದಲ್ಲಿ ಸಿಡುಬೇ ಇಲ್ಲ, ಜಾತ್ರೆ ಮಾತ್ರ ಇದೆ. 2020ರ ಫೆಬ್ರವರಿ ಕೊನೆಯಲ್ಲಿ ಶಿವಮೊಗ್ಗದವರು ಮಾರಿಯನ್ನು ಕಳಿಸಿಕೊಟ್ಟರು, ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು!

ಮುಂದಿನ ಜಾತ್ರೆ 2022ರ ಮಾರ್ಚಿನಲ್ಲಿ. ಕೊರೋನಾ ಎಲ್ಲರ ಮನೆ ಹೊಕ್ಕು ಬಂದ ಮೇಲಿನ ಮೊದಲ ಜಾತ್ರೆ. ಮಾರಿಯನ್ನು ಊರೆಲ್ಲ ಸೇರಿ ಕಳಿಸಿಕೊಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿತ್ತೇ? ಆ ಸಲವೇ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಕೊಡಲಿಲ್ಲ. ಬಳೆ, ಬಲೂನು, ಬೆಂಡು-ಬತ್ತಾಸಿಗೂ ಧರ್ಮ ಕೇಳಿದರು. ಅದಕ್ಕೆ ಹಿಂದಿನ ಜಾತ್ರೆಗಳಲ್ಲಿ ಅವರೂ ಅಂಗಡಿ ಹಾಕುತ್ತಿದ್ದರು.