ಡೀಸೆಲ್ಲಿನ ಲೆಕ್ಕ

ಮೊನ್ನೆ ತಂಗಿಯ ಮಗಳು ಫೋನು ಮಾಡಿ, "ದೊಡ್ಡಮ್ಮಾ, ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೀವಿ. ಎರಡೂ ಒಂದೇ ಮಾಡೆಲ್ಲು, ಒಂದೇ ವರ್ಷದ್ದು. ಒಂದು ಪೆಟ್ರೋಲು, ಇನ್ನೊಂದು ಡೀಸೆಲ್ಲು. ಯಾವುದು ತಗೊಳ್ಳಲಿ?" ಎಂದಳು. ದೊಡ್ಡಪ್ಪನನ್ನು ಬಿಟ್ಟು ನನ್ನನ್ನು ಕೇಳಿದ್ದಕ್ಕೆ ಕಾರಣವಿದೆ. ಹಾಲು, ದಿನಸಿ, ಗ್ಯಾಸು ಬರೆದಿಡುವ ಪುಸ್ತಕದಲ್ಲೇ ನಮ್ಮ ಕಾರಿನ ಲೆಕ್ಕವನ್ನೂ ಬರೆದವಳು ನಾನು.

ನಾನು ಚಿಕ್ಕವಳಿದ್ದಾಗ ಈ ಪ್ರಶ್ನೆಯೇ ಇರಲಿಲ್ಲ. ಕಾರೆಂದರೆ ಪೆಟ್ರೋಲು. ಡೀಸೆಲ್ಲೆಂದರೆ ಲಾರಿ, ಬಸ್ಸು, ಮತ್ತೆ ತವರಿನ ಬಾವಿಯ ಬಳಿ ಡಬಡಬ ಎನ್ನುತ್ತಿದ್ದ ಪಂಪ್‌ಸೆಟ್ಟು. ಡೀಸೆಲ್ ಎನ್ನುವುದು ಒಬ್ಬ ಮನುಷ್ಯನ ಹೆಸರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ರುಡಾಲ್ಫ್ ಡೀಸೆಲ್ ಜರ್ಮನಿಯಲ್ಲಿ ತನ್ನ ಎಂಜಿನ್ನಿಗೆ ಪೇಟೆಂಟು ಪಡೆದದ್ದು 1893ರಲ್ಲಿ. ಪೆಟ್ರೋಲು ಎಂಜಿನ್ನಿಗೆ ಕಿಡಿ ಹಾರಿಸಲು ಪ್ಲಗ್ಗು ಬೇಕು. ಇವನದಕ್ಕೆ ಬೇಡ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಕ್ಕೆ ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಮೀರಿ ಕಾದ ಬಾಣಲೆಯ ಎಣ್ಣೆಗೆ ಒಮ್ಮೊಮ್ಮೆ ಬೆಂಕಿ ಹತ್ತಿಕೊಳ್ಳುವುದಿಲ್ಲವೆ, ಹಾಗೆ. ಆ ಒತ್ತಡ ತಡೆಯಲು ಎಂಜಿನ್ನು ದಪ್ಪಗಿರಬೇಕು. ಆದ್ದರಿಂದಲೇ ತೂಕ, ಸದ್ದು, ಬೆಲೆ ಎಲ್ಲ ಹೆಚ್ಚು. ಕುಡಿಯುವುದು ಮಾತ್ರ ಕಡಿಮೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು! 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಡೀಸೆಲ್ ಕಾಣೆಯಾದ. ಕೆಲವು ದಿನಗಳ ಮೇಲೆ ಹೆಣ ಸಮುದ್ರದಲ್ಲಿ ಸಿಕ್ಕಿತು.

ನಮ್ಮಲ್ಲಿ ಡೀಸೆಲ್ ಅಂಬಾಸಿಡರ್ ಬಂದದ್ದು 1980ರ ಸುಮಾರಿಗೆ. ಅದನ್ನು ಹೆಚ್ಚಾಗಿ ಕೊಂಡವರು ಟ್ಯಾಕ್ಸಿಯವರು. 1983ರಲ್ಲಿ ಬಂದ ಮಾರುತಿ ಪೆಟ್ರೋಲಿನದು. ಚಿಕ್ಕ ಡೀಸೆಲ್ ಕಾರು ಮನೆಮನೆಗೆ ನುಗ್ಗಿದ್ದು 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಬಂದ ಮೇಲೆ. ಎಂಜಿನ್ನಿನ ಗುಣಕ್ಕಿಂತ ಹೆಚ್ಚಾಗಿ ನಮ್ಮನ್ನು ಸೆಳೆದದ್ದು ಬಂಕಿನ ದರ. ರೈತನ ಪಂಪಿಗೆ, ತರಕಾರಿ ತರುವ ಲಾರಿಗೆ ಹೊರೆಯಾಗಬಾರದೆಂದು ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿತ್ತು. ಆ ರಿಯಾಯಿತಿಯ ಪಂಕ್ತಿಯಲ್ಲಿ ಕಾರಿನವರಾದ ನಾವೂ ಎಲೆ ಹಾಕಿಸಿಕೊಂಡು ಕೂತೆವು. 2010ರ ಜೂನಿನಲ್ಲಿ ಪೆಟ್ರೋಲಿನ ಕಟ್ಟು ಬಿಚ್ಚಿದರು, ಡೀಸೆಲ್ಲಿನದು ಬಿಚ್ಚಲಿಲ್ಲ. 2012ರ ಮೇ ಕೊನೆಗೆ ದೆಹಲಿಯಲ್ಲಿ ಪೆಟ್ರೋಲು 73 ರೂಪಾಯಿ, ಡೀಸೆಲ್ಲು 41. ಲೀಟರಿಗೆ 32 ರೂಪಾಯಿ ಅಂತರ!

ನಾವು ಕಾರು ಕೊಂಡದ್ದು ಆ ಬೇಸಿಗೆಯಲ್ಲೇ. ಎಂಟು ವರ್ಷ ಹಳೆಯ ಡೀಸೆಲ್ಲು. ಅದೇ ವಯಸ್ಸಿನ ಪೆಟ್ರೋಲು ಗಾಡಿಗಿಂತ 40 ಸಾವಿರ ಹೆಚ್ಚು. "ಬಂಕಿನಲ್ಲಿ ವಾಪಸು ಬರುತ್ತೆ ಬಿಡು" ಎಂದರು ನಮ್ಮವರು. ಆ ಹಣ ನನ್ನ ಚೀಟಿಯದು. ಆದ್ದರಿಂದ ಸುಮ್ಮನೆ ಬಿಡಲಾಗಲಿಲ್ಲ, ಲೆಕ್ಕ ಹಾಕಿದೆ. ತಿಪಟೂರಿನೊಳಗೆ ಸ್ಕೂಲು, ಸಂತೆ, ಆಸ್ಪತ್ರೆ, ಆಗೊಮ್ಮೆ ಈಗೊಮ್ಮೆ ತವರು, ಎಲ್ಲ ಸೇರಿ ತಿಂಗಳಿಗೆ 300 ಕಿಲೋಮೀಟರು. ಉಳಿಯುವುದು ಸುಮಾರು 800 ರೂಪಾಯಿ. 40 ಸಾವಿರ ಮರಳಲು ನಾಲ್ಕು ವರ್ಷದ ಮೇಲೆ ಎರಡು ತಿಂಗಳು ಬೇಕು. ಅದೂ ದರದ ಅಂತರ ಹಾಗೇ ಇದ್ದರೆ, ಗಾಡಿ ಕೆಡದಿದ್ದರೆ.

ಎರಡೂ ನಡೆಯಲಿಲ್ಲ. 2013ರ ಜನವರಿಯಿಂದ ಡೀಸೆಲ್ಲು ತಿಂಗಳಿಗೆ ಐವತ್ತು ಪೈಸೆಯಂತೆ ಮೆಲ್ಲಗೆ ಏರತೊಡಗಿತು. 2014ರ ಅಕ್ಟೋಬರಿನಲ್ಲಿ ಅದರ ಕಟ್ಟೂ ಬಿಚ್ಚಿದಾಗ ಉಳಿದ ಅಂತರ ಸುಮಾರು 11 ರೂಪಾಯಿ. ಆ ವರ್ಷವೇ ನಮ್ಮ ಗಾಡಿಯ ಡೀಸೆಲ್ ಪಂಪು ಕೆಟ್ಟು 18 ಸಾವಿರ ನುಂಗಿತು. ಗ್ಯಾರೇಜಿನವನು, "ಅಮ್ಮಾ, ಡೀಸೆಲ್ ಗಾಡಿ ದುಡಿಯೋ ಎತ್ತು ಇದ್ದ ಹಾಗೆ. ಕೊಟ್ಟಿಗೇಲಿ ಕಟ್ಟಿ ಹಾಕಿದ್ರೆ ಕಾಲು ಹಿಡ್ಕೊಳ್ಳುತ್ತೆ" ಎಂದ. ಪುಸ್ತಕದಲ್ಲಿ 'ಉಳಿತಾಯ' ಎಂದು ಗೆರೆ ಎಳೆದಿದ್ದ ಕಡೆ ಬರೆಯುವುದನ್ನು ನಿಲ್ಲಿಸಿಬಿಟ್ಟೆ. 2020ರ ಜೂನಿನಲ್ಲಂತೂ ದೆಹಲಿಯಲ್ಲಿ ಡೀಸೆಲ್ಲು ಪೆಟ್ರೋಲಿಗಿಂತ ದುಬಾರಿಯಾಯಿತು ಎಂದು ಪೇಪರಿನಲ್ಲಿ ಓದಿ ನಕ್ಕೆ.

ನಗು ಬಾರದ ಸುದ್ದಿಯೂ ಇತ್ತು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದ್ದು 2012ರ ಜೂನಿನಲ್ಲಿ, ನಾವು ಕಾರಿಗೆ ಪೂಜೆ ಮಾಡಿಸಿದ ದಿನಗಳಲ್ಲೇ. ಬೆಳಿಗ್ಗೆ ಎಂಜಿನ್ನು ಬಿಸಿಯಾಗುವವರೆಗೆ ಮಗ ಸ್ಕೂಲು ಚೀಲ ಹೊತ್ತು ಗಾಡಿಯ ಹಿಂದೆಯೇ ನಿಂತಿರುತ್ತಿದ್ದ. ಆಗ ಅದು ನನಗೆ ತೋಚಲೇ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ತಡೆಯಿತು. ಪೆಟ್ರೋಲಿಗೆ ಕೊಟ್ಟದ್ದು ಹದಿನೈದು ವರ್ಷ. ಆ ಆದೇಶ ಆಮೇಲೆ ಬದಲಾಗುತ್ತ ಬಂದಿದೆ, ಅದಿರಲಿ. 2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮ ಬಂತು, ಮಾರುತಿಯವರು ಡೀಸೆಲ್ ಕಾರನ್ನೇ ಬಿಟ್ಟರು. ಈಚಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಜಾಲರಿಯಿರುತ್ತದೆ. ಊರೊಳಗಿನ ಚಿಕ್ಕ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಓಡಿಸಿ ಸುಡಬೇಕು.

"ತಿಂಗಳಿಗೆ ಎಷ್ಟು ಕಿಲೋಮೀಟರು ಓಡಿಸ್ತೀರಿ?" ಎಂದು ಕೇಳಿದೆ. "ಆಫೀಸಿಗೆ ಸ್ಕೂಟರ್ರು. ಕಾರು ಭಾನುವಾರಕ್ಕೆ ಮಾತ್ರ" ಎಂದಳು. "ಹಾಗಾದರೆ ಪೆಟ್ರೋಲೇ ತಗೋ" ಎಂದೆ.

ನಮ್ಮ ಗಾಡಿಯನ್ನು 2016ರಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಮಾರಿದೆವು. ದಿನವೂ ಅರಸೀಕೆರೆ, ಚಿಕ್ಕನಾಯಕನಹಳ್ಳಿ ಎಂದು ಸುತ್ತುವವರು. ಅವರ ಕೈಗೆ ಹೋದ ಮೇಲೆ ಅದು ಒಂದು ದಿನವೂ ಮುನಿಸಿಕೊಳ್ಳಲಿಲ್ಲವಂತೆ.