ಕಡಲೆಕಾಯಿಯ ನೆಂಟರು

ಕಂಬದೂರಿನ ಕಡೆ ಮುಂಗಾರು ಬಿದ್ದರೆ ರೈತನಿಗೆ ಮೊದಲು ನೆನಪಾಗುವುದು ಕಡಲೆಕಾಯಿ ಬೀಜ. ನಾವು ಕನ್ನಡದವರು ಇದನ್ನು ಕಡಲೆಕಾಯಿ ಎಂದೋ ಶೇಂಗಾ ಎಂದೋ ಕರೆಯುತ್ತೇವೆ. ತೆಲುಗಿನವರು ವೇರುಶೆನಗ ಎನ್ನುತ್ತಾರೆ. ಹೆಸರು ಹಲವು, ಗಿಡ ಒಂದೇ. ಇಂಥ ಗೊಂದಲ ಜಗತ್ತಿನಲ್ಲೆಲ್ಲ ಇತ್ತು. ಸ್ವೀಡನ್ ದೇಶದ ಲಿನೇಯಸ್ 1753ರಲ್ಲಿ ಸಸ್ಯಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟನು. ಕಡಲೆಕಾಯಿಗೆ ಬಂದ ಹೆಸರು 'ಅರಾಕಿಸ್ ಹೈಪೋಜಿಯಾ'. ಎರಡನೆಯ ಪದಕ್ಕೆ ನೆಲದೊಳಗಿನದು ಎಂದು ಅರ್ಥ.

ನೆಲದೊಳಗೆ ಸಿಗುವುದರಿಂದ ಇದು ಬೇರೇ ಇರಬೇಕು ಎಂದು ಮಕ್ಕಳು ತಿಳಿಯುತ್ತಾರೆ. ತೆಲುಗಿನ ಹೆಸರಿನಲ್ಲೂ 'ವೇರು' ಇದೆಯಲ್ಲ! ಆದರೆ ಹೂ ಅರಳುವುದು ನೆಲದ ಮೇಲೆ. ಆಮೇಲೆ ಹೂವಿನ ಬುಡದಿಂದ ಊಡು ಇಳಿದು ಮಣ್ಣಿನೊಳಗೆ ಕಾಯಿ ಕಟ್ಟುತ್ತದೆ. ಸುಲಿದು ನೋಡಿದರೆ ಅವರೆ, ತೊಗರಿಯ ಹಾಗೆಯೇ ಕಾಯಿ, ಎರಡು ಬೇಳೆಯ ಬೀಜ. ಹೊಲದ ಬದುವಿನ ಹೊಂಗೆ, ಊರ ಮುಂದಿನ ಹುಣಸೆ, ಮುಳ್ಳಿನ ಜಾಲಿ ಎಲ್ಲವೂ ಇದೇ ಕುಟುಂಬಕ್ಕೆ ಸೇರಿದವು. ರಾಗಿಯ ಮನೆತನ ಬೇರೆ, ಅದು ಹುಲ್ಲು.

ಒಂದು ಗುಂಪಿನವು ಹೀಗೆ ಹೋಲುವುದೇಕೆ? ಅವುಗಳಿಗೆಲ್ಲ ಒಂದೇ ಪೂರ್ವಜ ಇದ್ದುದರಿಂದ ಎಂದು 1859ರಲ್ಲಿ ಡಾರ್ವಿನ್ ಹೇಳಿದನು. ಅಲ್ಲಿಂದ ವರ್ಗೀಕರಣ ಎಂದರೆ ವಂಶಾವಳಿ ಎಂದಾಯಿತು.

ಕಡಲೆಕಾಯಿಯ ವಂಶಾವಳಿಯೂ ಈಗ ಗೊತ್ತಾಗಿದೆ. ದಕ್ಷಿಣ ಅಮೆರಿಕದಲ್ಲಿ, ಸುಮಾರು 10,000 ವರ್ಷಗಳ ಹಿಂದೆ, ಎರಡು ಕಾಡು ಗಿಡಗಳು ಕೂಡಿ ಇದು ಹುಟ್ಟಿತು. ಆ ಎರಡರಲ್ಲೂ 20 ವರ್ಣತಂತುಗಳು, ನಮ್ಮ ಹೊಲದ ಗಿಡದಲ್ಲಿ 40. ಆ ಕಾಡು ಗಿಡಗಳ ಡಿ.ಎನ್.ಎ.ಯನ್ನು 2016ರಲ್ಲಿ ಓದಿ ಮುಗಿಸಿದಾಗ ಈ ನೆಂಟಸ್ತನ ಗಟ್ಟಿಯಾಯಿತು.

ಇದರಿಂದ ರೈತನಿಗೇನು ಎಂದು ಕೇಳಬಹುದು. ಅಷ್ಟು ಸಣ್ಣ ಮೂಲದಿಂದ ಬಂದ ಬೆಳೆಯಲ್ಲಿ ವೈವಿಧ್ಯ ಕಡಿಮೆ. ಎಲೆಚುಕ್ಕೆ, ತುಕ್ಕು ರೋಗ ಬಂದರೆ ಹೊಲಕ್ಕೆ ಹೊಲವೇ ಒಣಗುತ್ತದೆ. ಆಗ ಕೈಹಿಡಿಯುವವರು ಕಾಡಿನ ನೆಂಟರೇ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ.-4 ತಳಿ ಈ ಎರಡೂ ರೋಗಗಳನ್ನು ತಡೆಯುತ್ತದೆ. ಅದಕ್ಕೆ ಆ ಶಕ್ತಿ ಬಂದದ್ದು 'ಅರಾಕಿಸ್ ಕಾರ್ಡಿನಾಸಿ' ಎಂಬ ಕಾಡು ಗಿಡದಿಂದ. ನೆಂಟರು ಯಾರೆಂದು ತಿಳಿಯದಿದ್ದರೆ ಸಹಾಯಕ್ಕೆ ಯಾರನ್ನು ಕರೆಯುವುದು?

ಆದ್ದರಿಂದ ವರ್ಗೀಕರಣದ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಸಿ ಬಿಡುವುದು ಬೇಡ. ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗೋಣ, ಒಂದು ಗಿಡ ಕಿತ್ತು ತೋರಿಸೋಣ. ಆ ಗಿಡದ ಡಿ.ಎನ್.ಎ. ಬರೆದಿರುವ ನಾಲ್ಕು ಅಕ್ಷರಗಳಲ್ಲೇ ಕಿತ್ತವನ ಡಿ.ಎನ್.ಎ.ಯನ್ನೂ ಬರೆದಿದೆ. ದೂರದ್ದಾದರೂ ಅದೂ ನೆಂಟಸ್ತನವೇ ಅಲ್ಲವೇ?