ಎರೆನೆಲದ ಹತ್ತಿ ಮತ್ತು ಕಡಲಾಚೆಯ ಪೇಟೆ

ರಾಜ್ಯೋತ್ಸವದ ದಿನ ನಾವು ನೃಪತುಂಗನನ್ನೂ ಪುಲಕೇಶಿಯನ್ನೂ ಕೃಷ್ಣದೇವರಾಯನನ್ನೂ ನೆನೆಯುತ್ತೇವೆ. ಪಂಪ, ರನ್ನ, ಕುಮಾರವ್ಯಾಸರನ್ನು ಕೊಂಡಾಡುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಕನ್ನಡ ನಾಡು ಹೇಗೆ ಒಡೆದುಹೋಯಿತು, ಏಕೆ ಅಷ್ಟು ಕಾಲ ಹರಿದು ಹಂಚಿಹೋಗಿದ್ದಿತು ಎಂಬುದನ್ನು ತಿಳಿಯಬೇಕಾದರೆ ಅರಸರ ಕಥೆಯೊಂದೇ ಸಾಲದು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿನ ಎಲ್ಲೆಗಳನ್ನು ಅತ್ತಿತ್ತ ಸರಿಸಿದ ಕಾರಣಗಳಲ್ಲಿ ಹತ್ತಿಯ ವ್ಯಾಪಾರವೂ ಒಂದು. ಆ ಕಥೆಯ ಒಂದು ಎಳೆ ನಾವು ದಿನವೂ ಓಡಾಡುವ ಈ ಸುಲ್ತಾನ್ ಬಜಾರಿನ ಮೂಲಕವೇ ಹಾದುಹೋಗಿದೆ. ಆದುದರಿಂದ ಹೈದರಾಬಾದಿನ ಕನ್ನಡಿಗರು ಅದನ್ನು ಅರಿತಿರುವುದು ಉಚಿತ.

ಸುಲ್ತಾನ್ ಬಜಾರಿನ ಹಳೆಯ ಹೆಸರು ರೆಸಿಡೆನ್ಸಿ ಬಜಾರ್. ನಿಜಾಮರ ದರಬಾರಿನಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಎಂಬುವನು 1803ರ ಸುಮಾರಿಗೆ ಮೂಸಿ ನದಿಯ ಉತ್ತರ ದಂಡೆಯಲ್ಲಿ ಭವ್ಯವಾದ ಬಂಗಲೆಯನ್ನು ಕಟ್ಟಿಸತೊಡಗಿದನು. ಕೋಠಿಯಲ್ಲಿ ಬಹುಕಾಲ ಮಹಿಳಾ ಕಾಲೇಜು ನಡೆದುಬಂದ ಕಟ್ಟಡ ಅದೇ. ಅದರ ಸುತ್ತ ಬೆಳೆದ ಪೇಟೆಯಲ್ಲಿ ನಿಜಾಮರ ಕಾನೂನು ನಡೆಯುತ್ತಿರಲಿಲ್ಲ, ರೆಸಿಡೆಂಟನ ಆಡಳಿತವಿದ್ದಿತು. ಈ ರಕ್ಷಣೆಯನ್ನು ನೆಚ್ಚಿ ಲೇವಾದೇವಿಗಾರರೂ ಸಾಹುಕಾರರೂ ಇಲ್ಲಿ ನೆಲೆಯೂರಿದರು. 1933ರಲ್ಲಿ ಈ ಪೇಟೆಗಳು ನಿಜಾಮ ಸರಕಾರಕ್ಕೆ ಹಿಂದಿರುಗಿದವು; ಸುಲ್ತಾನ್ ಬಜಾರ್ ಎಂಬ ಹೆಸರು ಆಮೇಲಿನದು.

ಈ ಸಾಹುಕಾರರಿಗೂ ನಮ್ಮ ರೈತರ ಹತ್ತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಂದುದು ಸಾಲದ ಮೂಲಕ. ನಿಜಾಮ ಸರಕಾರವು ತನ್ನ ಖರ್ಚಿಗಾಗಿ ಸಾಲ ಎತ್ತುವುದು, ಆ ಸಾಲಕ್ಕೆ ಹಳ್ಳಿಗಳ ಕಂದಾಯವನ್ನು ಬರೆದುಕೊಡುವುದು ರೂಢಿಯಾಗಿದ್ದಿತು. ರೆಸಿಡೆನ್ಸಿಯ ನೆರಳಿನಲ್ಲಿ ಬೆಳೆದ ವಿಲಿಯಂ ಪಾಮರ್ ಕಂಪನಿಯು ಹೀಗೆ ದೊಡ್ಡ ಬಡ್ಡಿಗೆ ಸಾಲ ಕೊಟ್ಟು, ಕೊನೆಗೆ 1824ರಲ್ಲಿ ದಿವಾಳಿಯೆದ್ದಿತು. ಅದರ ಬಳಿಕ ಮುಂದೆ ಬಂದ ಪಾರ್ಸಿ ಸಾಹುಕಾರರಾದ ಪೆಸ್ತನಜಿ ಮತ್ತು ವಿಕಾಜಿಯವರು ಸಾಲ ಕೊಟ್ಟುದಲ್ಲದೆ ಬೇರಾರಿನ ಹತ್ತಿಯನ್ನು ಎತ್ತುಗಳ ಮೇಲೆ ಹೇರಿಸಿ ಮುಂಬಯಿಗೆ ಸಾಗಿಸುವ ಉದ್ಯಮವನ್ನೂ ಕೈಕೊಂಡರು. ಹೀಗೆ ಸಾಲ, ಕಂದಾಯ ಮತ್ತು ಹತ್ತಿ ಒಂದೇ ಲೆಕ್ಕದ ಪುಸ್ತಕದಲ್ಲಿ ಸೇರಿದವು.

ಈಗ ನಮ್ಮ ಎರೆನೆಲದ ಕಡೆಗೆ ಹೊರಳೋಣ. ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ, ಅದಕ್ಕೆ ಪಶ್ಚಿಮದಲ್ಲಿ ಗದಗು, ನವಲಗುಂದ, ಹುಬ್ಬಳ್ಳಿ, ಧಾರವಾಡಗಳ ಬಯಲು, ದಕ್ಷಿಣದಲ್ಲಿ ಬಳ್ಳಾರಿ, ಇವೆಲ್ಲ ಬಹುಮಟ್ಟಿಗೆ ಒಂದೇ ಬಗೆಯ ಕರಿಯ ನೆಲ. ಮಳೆಯ ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿ ಹಿಡಿದಿಡುವ ಈ ಮಣ್ಣಿನಲ್ಲಿ ಜೋಳವೂ ಹತ್ತಿಯೂ ಜೊತೆಜೊತೆಯಾಗಿ ಬೆಳೆದು ಬಂದಿವೆ. ಹತ್ತಿಯನ್ನು ಮನೆಯ ಹೆಂಗಸರು ಬಿಡಿಸಿ, ಬೀಜ ತೆಗೆದು, ನೂಲುತ್ತಿದ್ದರು. ಊರ ನೇಕಾರರು ನೇಯುತ್ತಿದ್ದರು. ಹೆಚ್ಚಾದ ಅರಳೆಯನ್ನು ಲಮಾಣಿಗಳು ಎತ್ತಿನ ಮೇಲೆ ಹೇರಿಕೊಂಡು ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಒಯ್ಯುತ್ತಿದ್ದರು. ಹಿಂದಿರುಗುವಾಗ ಅವರ ಹೇರಿನಲ್ಲಿ ಉಪ್ಪು ಇರುತ್ತಿದ್ದಿತು. ಕುಮಟೆಯಿಂದ ಹಾಯಿಹಡಗುಗಳು ಅರಳೆಯನ್ನು ಮುಂಬಯಿಗೆ ಮುಟ್ಟಿಸುತ್ತಿದ್ದವು. ಅಲ್ಲಿಂದ ಅದು ಆಫ್ರಿಕಾ ಖಂಡವನ್ನು ಬಳಸಿಕೊಂಡು ಲಿವರ್‌ಪೂಲಿಗೆ ಹೋಗಬೇಕಾಗಿದ್ದಿತು.

ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮ ಹತ್ತಿಯ ಮೇಲೆ ಅಷ್ಟೊಂದು ಪ್ರೀತಿ ಇರಲಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಅವರ ಯಂತ್ರಗಳಿಗೆ ಬೇಕಾದುದು ಅಮೆರಿಕದ ನೀಳ ಎಳೆ. ಹೀಗಾಗಿ ಈಸ್ಟ್ ಇಂಡಿಯಾ ಕಂಪನಿಯು 1840ರಲ್ಲಿ ಅಮೆರಿಕದಿಂದ ಹತ್ತಿ ಬೇಸಾಯಗಾರರನ್ನು ಕರೆಸಿ ಹಿಂದುಸ್ತಾನದ ಬೇರೆ ಬೇರೆ ಕಡೆಗಳಿಗೆ ಕಳುಹಿಸಿತು. ಅವರಲ್ಲಿ ಮರ್ಸರ್ ಎಂಬುವನು ಹುಬ್ಬಳ್ಳಿಯ ಸೀಮೆಗೆ ಬಂದನು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಏರ್ಪಟ್ಟಿತು. ಅಮೆರಿಕದವರ ಬೇಸಾಯದ ರೀತಿ ಇಲ್ಲಿ ಹಿಡಿಯಲಿಲ್ಲ; ಆದರೆ ಅವರು ತಂದ ನ್ಯೂ ಆರ್ಲಿಯನ್ಸ್ ಬೀಜ ಮಾತ್ರ ನಮ್ಮ ರೈತರ ಕೈಯಲ್ಲಿ ಹಿಡಿಯಿತು. ಹಿಂದುಸ್ತಾನದ ಬಹುತೇಕ ಕಡೆ ಸೋತ ಆ ಬೀಜ ಧಾರವಾಡದ ಮಣ್ಣಿನಲ್ಲಿ ಬೇರೂರಿ, ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನಿಂದ ಲಿವರ್‌ಪೂಲಿನ ಪೇಟೆಯಲ್ಲಿ ಪ್ರಸಿದ್ಧವಾಯಿತು.

ಅಷ್ಟರಲ್ಲಿ ನಿಜಾಮ ಸೀಮೆಯಲ್ಲಿ ಸಾಲದ ಕಥೆ ಮುಗಿಲು ಮುಟ್ಟಿತ್ತು. ಇಂಗ್ಲಿಷರು ನಿಜಾಮರ ಹೆಸರಿನಲ್ಲಿ ಸಾಕುತ್ತಿದ್ದ ಕಂಟಿಂಜೆಂಟ್ ಸೈನ್ಯದ ವೆಚ್ಚವು ಬಾಕಿಯಾಗಿ ಏರುತ್ತ ಹೋಯಿತು. ಲಾರ್ಡ್ ಡಾಲ್‌ಹೌಸಿಯು ಈ ಬಾಕಿಯನ್ನು ಮುಂದೊಡ್ಡಿ ನೆಲವನ್ನೇ ಕೇಳಿದನು. 1853ರ ಮೇ ತಿಂಗಳಲ್ಲಿ, ಕರ್ನಲ್ ಲೋ ರೆಸಿಡೆಂಟನಾಗಿದ್ದಾಗ, ಕರಾರು ಆಯಿತು. ಬೇರಾರು, ಧಾರಾಶಿವ ಮತ್ತು ರಾಯಚೂರು ದೋಆಬ ಇಂಗ್ಲಿಷರ ವಶಕ್ಕೆ ಹೋದವು. ಸೈನ್ಯದ ಖರ್ಚೆಂಬುದು ಕಾಗದದ ಮೇಲಿನ ಕಾರಣ. ಆದರೆ ಆರಿಸಿ ತೆಗೆದುಕೊಂಡ ನೆಲಗಳನ್ನು ನೋಡಿದರೆ ಅವು ದಖ್ಖಣದ ಉತ್ತಮ ಎರೆನೆಲಗಳೆಂಬುದು ಎದ್ದು ಕಾಣುತ್ತದೆ. 1860ರಲ್ಲಿ ಮತ್ತೊಂದು ಒಪ್ಪಂದವಾಗಿ, ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು ದೋಆಬವೂ ಧಾರಾಶಿವವೂ ನಿಜಾಮರಿಗೆ ಮರಳಿದವು. ಸ್ವಾತಂತ್ರ್ಯಕ್ಕಾಗಿ ಸಿಡಿದೆದ್ದು ಸೋತ ಸುರಪುರದ ಸಂಸ್ಥಾನವನ್ನೂ ನಿಜಾಮರಿಗೆ ಇನಾಮಾಗಿ ಕೊಟ್ಟರು. ಹತ್ತಿಯ ಕಣಜವಾದ ಬೇರಾರನ್ನು ಮಾತ್ರ ಬಿಟ್ಟುಕೊಡಲಿಲ್ಲ. 1903ರವರೆಗೆ ಬೇರಾರಿನ ಆಡಳಿತದ ಮೇಲಧಿಕಾರ ಇದೇ ಕೋಠಿಯ ರೆಸಿಡೆಂಟನಲ್ಲಿ ಇದ್ದಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ದೋಆಬದ ಕನ್ನಡ ಹಳ್ಳಿಗಳು ಏಳು ವರ್ಷಗಳಲ್ಲಿ ಎರಡು ಸಲ ಕೈ ಬದಲಾಯಿಸಿದವು. ಎರಡು ಸಲವೂ ಅಲ್ಲಿನ ರೈತನನ್ನು ಯಾರೂ ಕೇಳಲಿಲ್ಲ. ಒತ್ತೆಯಿಟ್ಟ ಒಡವೆಯನ್ನು ಸಾಲಗಾರನು ಬಿಡಿಸಿಕೊಳ್ಳುವಾಗ ಒಡವೆಯ ಅಭಿಪ್ರಾಯವನ್ನು ಕೇಳುವ ವಾಡಿಕೆ ಎಲ್ಲಿದೆ?

ಈ ಒಪ್ಪಂದದ ಮರುವರ್ಷವೇ, 1861ರ ಏಪ್ರಿಲಿನಲ್ಲಿ, ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಯುತ್ತಿದ್ದ ದಕ್ಷಿಣದ ಸಂಸ್ಥಾನಗಳ ಬಂದರಗಳನ್ನು ಉತ್ತರದವರ ನೌಕಾಪಡೆ ಮುಚ್ಚಿಬಿಟ್ಟಿತು. ಅಲ್ಲಿಯವರೆಗೆ ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಭಾಗದಷ್ಟು ಅಮೆರಿಕದಿಂದಲೇ ಬರುತ್ತಿದ್ದಿತು. 1862ರಲ್ಲಿ ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ನಿಂತು, ಲಕ್ಷಾಂತರ ಕೂಲಿಕಾರರು ಗಂಜಿಗೆ ಕೈಚಾಚುವಂತಾಯಿತು. ಹಿಂದೆ ಮೂಗು ಮುರಿಯುತ್ತಿದ್ದ ವ್ಯಾಪಾರಿಗಳು ಈಗ ನಮ್ಮ ಗಿಡ್ಡ ಎಳೆಯ ಹತ್ತಿಗಾಗಿ ಮುಗಿಬಿದ್ದರು. ಮುಂಬಯಿಯಲ್ಲಿ ಹತ್ತಿಯ ಧಾರಣೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಅರಳೆಯಲ್ಲಿ ಹತ್ತಿಕಾಳನ್ನೂ ಮಣ್ಣನ್ನೂ ಬೆರೆಸಿ, ನೀರು ಚಿಮುಕಿಸಿ ತೂಕ ಹೆಚ್ಚಿಸುವ ಮೋಸವೂ ಬೆಳೆಯಿತು. ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ಕನ್ನಡ ನಾಡಿನ ನಕಾಶೆಯ ಮೇಲೆ ಹತ್ತಿಯ ಗೆರೆ ಸ್ಪಷ್ಟವಾಗಿ ಮೂಡಿದ್ದು ಈ ಕಾಲದಲ್ಲಿಯೇ. ಧಾರವಾಡ ಮುಂಬಯಿ ಇಲಾಖೆಯಲ್ಲಿದ್ದರೆ, ಅದರ ಹತ್ತಿ ಹಡಗೇರುವ ಕುಮಟೆ, ಕಾರವಾರಗಳು ಮದರಾಸು ಇಲಾಖೆಗೆ ಸೇರಿದ್ದವು. ಘಟ್ಟದ ರಸ್ತೆಗೆ ಮದರಾಸಿನವರು ಹಣ ಕೊಡಲೊಲ್ಲರು. ಬಂದರದ ಕೆಲಸಕ್ಕೆ ಅವಸರಪಡರು. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಇಂಗ್ಲೆಂಡಿನಲ್ಲಿ ಇದರ ಮೇಲೆ ಗದ್ದಲವೆಬ್ಬಿಸಿದರು. ಕೊನೆಗೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಒಂದೇ ಕರಾವಳಿಯ ಬಂಧುಗಳು ಎರಡು ಇಲಾಖೆಗಳ ಪ್ರಜೆಗಳಾದರು. ಮುಂದೆ 94 ವರ್ಷಗಳ ಕಾಲ ಹೊನ್ನಾವರದವರ ಅಹವಾಲು ಮುಂಬಯಿಗೆ, ಉಡುಪಿಯವರ ಅಹವಾಲು ಮದರಾಸಿಗೆ ಹೋಗಬೇಕಾಯಿತು. ಹತ್ತಿಯ ಹೇರಿಗೆ ದಾರಿ ಮಾಡಿಕೊಡಲು ಎಳೆದ ಗೆರೆ ಅದು.

ಇಷ್ಟೆಲ್ಲ ಮಾಡಿಯೂ ಫಲ ದೊರೆಯಿತೇ? ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಕಾರವಾರದ ಎದುರಿನ ಸದಾಶಿವಗಡಕ್ಕೆ ಯಂತ್ರಗಳನ್ನು ಕಳುಹಿಸಿದರು. ಯಂತ್ರಗಳು ಬಂದಾಗ ರಸ್ತೆಯೂ ಮುಗಿದಿರಲಿಲ್ಲ, ಬಂದರವೂ ಸಿದ್ಧವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಮುಚ್ಚಿತು. 1865ರಲ್ಲಿ ಅಮೆರಿಕದ ಯುದ್ಧ ನಿಂತಿತು, ಧಾರಣೆ ಕುಸಿಯಿತು. ಹತ್ತಿಯ ಹಣದಿಂದ ಉಬ್ಬಿದ್ದ ಮುಂಬಯಿಯ ಷೇರು ಪೇಟೆ ನೆಲಕಚ್ಚಿ, ಪ್ರೇಮಚಂದ ರಾಯಚಂದರಂಥ ಕುಬೇರರೂ ಆಸ್ತಿ ಕಳೆದುಕೊಂಡರು. ಮುಂಬಯಿಯ ಪತನದ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಏರಿದ ಧಾರಣೆಯನ್ನು ನಂಬಿ ಜೋಳದ ಹೊಲದಲ್ಲಿ ಹತ್ತಿ ಬಿತ್ತಿದ, ಮಗಳ ಮದುವೆಗೆ ಸಾಲ ತೆಗೆದ, ಹೊಸ ಜೋಡಿ ಎತ್ತು ಕೊಂಡ ಎರೆನಾಡಿನ ಒಕ್ಕಲಿಗರ ಲೆಕ್ಕವನ್ನು ಬರೆದವರು ಕಡಿಮೆ. ಸಾಲ ಉಳಿಯಿತು, ಧಾರಣೆ ಉಳಿಯಲಿಲ್ಲ. ಹತ್ತು ವರ್ಷ ಕಳೆದು ಮಳೆ ಕೈಕೊಟ್ಟಾಗ, 1876ರಿಂದ 1878ರವರೆಗಿನ ಭೀಕರ ಬರ ಧಾರವಾಡ, ಕಲಾದಗಿ, ಬಳ್ಳಾರಿ, ರಾಯಚೂರುಗಳನ್ನು ಒಂದೇ ಸಮನೆ ಸುಟ್ಟಿತು. ಬರಕ್ಕೆ ಮೊದಲ ಕಾರಣ ಮಳೆಯ ಅಭಾವ, ನಿಜ. ಆದರೆ ಹಗೇವಿನಲ್ಲಿ ಜೋಳವಿಲ್ಲದೆ, ಕೈಯಲ್ಲಿ ಸಾಲದ ಪತ್ರವೊಂದೇ ಇದ್ದವನಿಗೆ ಅದು ಇಮ್ಮಡಿ ಕ್ರೂರವಾಯಿತು.

ಈ ನಡುವೆ ದಾರಿಗಳು ಬದಲಾದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಇಂಗ್ಲೆಂಡು ಹತ್ತಿರವಾಯಿತು. 1871ರಲ್ಲಿ ಮುಂಬಯಿಯ ರೈಲೂ ಮದರಾಸಿನ ರೈಲೂ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ನಮ್ಮ ಹಿರಿಯರು ಮುಂದೆ ವಿದ್ಯೆಗಾಗಿ, ನೌಕರಿಗಾಗಿ, ವ್ಯಾಪಾರಕ್ಕಾಗಿ ಈ ರಾಜಧಾನಿಗೆ ಬಂದುದು ಇದೇ ಹಳಿಗಳ ಮೇಲೆ. ಲಮಾಣಿಗಳ ಎತ್ತಿನ ಸಾಲು ಕರಗಿತು. 1880ರ ದಶಕದ ಕೊನೆಗೆ ಮರ್ಮಗೋವೆಯ ರೈಲು ಬಂದ ಮೇಲೆ ಕುಮಟೆ, ಕಾರವಾರಗಳ ಹತ್ತಿ ವ್ಯಾಪಾರವೂ ಸೊರಗಿತು.

ಆದರೂ ಕುಮಟೆಯ ಹೆಸರು ಉಳಿಯಿತು. ವ್ಯಾಪಾರದ ಪುಸ್ತಕಗಳಲ್ಲಿ ನಮ್ಮ ಜವಾರಿ ಹತ್ತಿಗೆ ‘ಕುಮಟಾ’ ಎಂದೇ ಹೆಸರು. ಕುಮಟೆಯಲ್ಲಿ ಆ ಹತ್ತಿ ಬೆಳೆಯುವುದಿಲ್ಲ. ಅಲ್ಲಿ ಅದು ಹಡಗೇರುತ್ತಿದ್ದಿತು, ಅಷ್ಟೇ. ಬಳ್ಳಾರಿ, ರಾಯಚೂರುಗಳ ಹತ್ತಿಗೆ ‘ವೆಸ್ಟರ್ನ್ಸ್’ ಎಂಬ ಹೆಸರು ಬಂದಿತು, ಏಕೆಂದರೆ ಮದರಾಸಿನಲ್ಲಿ ಕುಳಿತವನಿಗೆ ಆ ಸೀಮೆ ಪಶ್ಚಿಮ. ಬೆಳೆದವನ ಊರು, ಬೆಳೆದವನ ಭಾಷೆ ಯಾವ ಹೆಸರಿನಲ್ಲಿಯೂ ಇರಲಿಲ್ಲ. ಒಂದೇ ಎರೆನೆಲದಲ್ಲಿ, ಒಂದೇ ಕನ್ನಡವಾಡುವ ಜನ ಬೆಳೆದ ಹತ್ತಿ ಮೂರು ಸರಕಾರಗಳ ಕೆಳಗೆ ಬೇರೆ ಬೇರೆ ಹೆಸರು ಹೊತ್ತು ಕಡಲು ದಾಟಿತು. ರೈತನ ನ್ಯಾಯ ಮುಂಬಯಿಯಲ್ಲಿಯೋ ಮದರಾಸಿನಲ್ಲಿಯೋ ಹೈದರಾಬಾದಿನಲ್ಲಿಯೋ ತೀರುತ್ತಿದ್ದಿತು. ಅದರಲ್ಲಿ ಒಂದು ಕಡೆಯಾದರೂ ಅವನ ಭಾಷೆ ಸರಕಾರದ ಭಾಷೆಯಾಗಿರಲಿಲ್ಲ.

1956ರ ನವೆಂಬರ್ 1ರಂದು ರಾಯಚೂರು, ಕಲಬುರಗಿ, ಬೀದರಗಳೂ ಧಾರವಾಡ, ಉತ್ತರ ಕನ್ನಡಗಳೂ ದಕ್ಷಿಣ ಕನ್ನಡವೂ ಒಂದೇ ರಾಜ್ಯದಲ್ಲಿ ಕೂಡಿದುವೆಂಬುದರ ಅರ್ಥ ಈ ಹಿನ್ನೆಲೆಯಲ್ಲಿ ಹೆಚ್ಚು ತಿಳಿಯಾಗುತ್ತದೆ. ಸಾಲದ ಒತ್ತೆಗೆಂದು, ಬಂದರದ ಅನುಕೂಲಕ್ಕೆಂದು ಹೊರಗಿನವರು ಎಳೆದ ಗೆರೆಗಳು ಅಂದು ಅಳಿದವು. ಕಾಸರಗೋಡಿನಂಥ ಕೆಲವು ಕಡೆ ಅವು ಪೂರ್ತಿಯಾಗಿ ಅಳಿಯಲಿಲ್ಲವೆಂಬ ನೋವೂ ನಮಗಿದೆ.

ರಾಜ್ಯ ಒಂದಾದ ಬಳಿಕ ನಡೆದ ಒಂದು ಸಂಗತಿಯನ್ನು ಹೇಳುವುದು ಸಂತೋಷದ ವಿಷಯ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾಕ್ಟರ್ ಕಟರ್ಕಿಯವರು ಅಮೆರಿಕನ್ ಜಾತಿಯ ‘ಲಕ್ಷ್ಮಿ’ ಹತ್ತಿಯನ್ನು ಮತ್ತೊಂದು ನೀಳ ಎಳೆಯ ಜಾತಿಯೊಡನೆ ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ಹೊರತಂದರು. ಹತ್ತಿಯ ಎರಡು ಬೇರೆ ಜಾತಿಗಳ ನಡುವೆ ವ್ಯಾಪಾರಕ್ಕೆ ಒದಗುವ ಸಂಕರ ತಳಿ ಜಗತ್ತಿನಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ನೂರಮೂವತ್ತು ವರ್ಷಗಳ ಹಿಂದೆ ಕಡಲಾಚೆಯವರು ತಮ್ಮ ಗಿರಣಿಗಳ ಸಲುವಾಗಿ ಬೀಜ ತಂದು ಬಿತ್ತಿಸಿದ ಸೀಮೆಯಲ್ಲಿಯೇ ಕನ್ನಡಿಗನು ತನ್ನ ಬೀಜವನ್ನು ತಾನೇ ರೂಪಿಸಿ, ಅದಕ್ಕೆ ತನ್ನ ಮನೆಯ ಹಬ್ಬದ ಹೆಸರನ್ನಿಟ್ಟನು.

ಹಾಗೆಂದು ಕಥೆ ಸುಖಾಂತವಾಯಿತೆಂದು ಹೇಳುವಂತಿಲ್ಲ. ಹತ್ತಿಯ ಧಾರಣೆ ಇಂದಿಗೂ ಕಡಲಾಚೆಯ ಪೇಟೆಗಳ ಏರಿಳಿತಕ್ಕೆ ಕಟ್ಟುಬಿದ್ದಿದೆ. ರಾಯಚೂರಿನ ಮಾರುಕಟ್ಟೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕುಳಿತ ರೈತನು ಇಂದೂ ತಾನು ಕಾಣದ ಊರಿನ ದರವನ್ನು ಕೇಳಿಯೇ ತನ್ನ ಬೆಲೆಯನ್ನು ತಿಳಿಯುತ್ತಾನೆ. ಆದರೆ ಇಂದು ಅವನು ತನ್ನ ದೂರನ್ನು ತನ್ನ ಭಾಷೆಯಲ್ಲಿ, ತನ್ನ ಪ್ರತಿನಿಧಿಗಳ ಮುಂದೆ ಹೇಳಬಲ್ಲನು. ಅವನ ಅಜ್ಜನಿಗೆ ಆ ಅವಕಾಶ ಇರಲಿಲ್ಲ. ನಾಡಿನಿಂದ ದೂರ ನೆಲೆಸಿದ ನಾವು ನಮ್ಮ ಮಕ್ಕಳಿಗೆ ರಾಜ್ಯೋತ್ಸವದ ಅರ್ಥ ಹೇಳುವಾಗ, ವಿಜಯನಗರದ ವೈಭವದ ಜೊತೆಗೆ, ಕೋಠಿಯ ಆ ಹಳೆಯ ಬಂಗಲೆಯನ್ನೂ ತೋರಿಸಿ ಈ ಸಂಗತಿಯನ್ನು ತಿಳಿಸಿದರೆ ಒಳ್ಳೆಯದು.